ಉಂಗುರದ ಬೆರಳು

ತಪ್ಪು ಮೈಕಿನದ್ದು ಎಂದೇ ನಾನು ಮೊದಲು ಅಂದುಕೊಂಡೆ.

ಪರ್ತ್‌ನ ಒಂದು ಸಭಾಂಗಣದ ಪಕ್ಕದ ಕಿರುಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದೆ. ಗೋಡೆಯ ಆಚೆ, ಖಾಲಿ ಕುರ್ಚಿಗಳ ಎದುರು, ಸ್ಪೇನ್ ದೇಶದ ಗಿಟಾರ್ ವಾದಕರೊಬ್ಬರು ಮರುದಿನದ ಕಛೇರಿಗೆ ತಾಲೀಮು ನಡೆಸುತ್ತಿದ್ದರು. ಧ್ವನಿಮುದ್ರಣ ನನ್ನ ಕಸುಬು. ಪರ್ತ್, ಬ್ರಿಸ್ಬೇನ್, ಅಡಿಲೇಡ್, ಈ ಮೂರೂ ಊರಿನ ಕಛೇರಿಗಳನ್ನು ಮುದ್ರಿಸಿಕೊಂಡು ಅವುಗಳಿಂದ ಒಂದು ಆಲ್ಬಮ್ ಕಟ್ಟಿಕೊಡುವ ಕೆಲಸ ನನ್ನ ಪಾಲಿಗೆ ಬಂದಿತ್ತು.

ಅವರದು ಹಾಡಿಲ್ಲದ ಸಂಗೀತ. ತಾವೇ ರಚಿಸಿ, ತಾವೇ ನುಡಿಸಿ, ಸ್ಟುಡಿಯೋದಲ್ಲಿ ನಿರ್ಮಾಪಕರ ಕುರ್ಚಿಯಲ್ಲೂ ತಾವೇ ಕೂತು ರೂಪ ಕೊಟ್ಟ ಮುದ್ರಿಕೆಗಳಿಂದ ಹೆಸರು ಮಾಡಿದವರು. ಬೇರೆಯವರ ಎಷ್ಟೋ ಆಲ್ಬಮ್‌ಗಳನ್ನು ಕೂಡ ಅವರೇ ನಿರ್ಮಿಸಿದ್ದರು. ಎಲ್ಲರೂ ಅವರನ್ನು ಮಾಯೆಸ್ಟ್ರೊ ಎನ್ನುತ್ತಿದ್ದರು. ನಾನು ಮೈಸೂರಿನವಳು; ನನ್ನ ಬಾಯಲ್ಲಿ ಅದು ಮೊದಲ ದಿನವೇ ಮೇಷ್ಟ್ರು ಆಗಿಬಿಟ್ಟಿತು. ನಮ್ಮ ಮಾತೆಲ್ಲ ನಡೆದದ್ದು ಇಂಗ್ಲಿಷಿನಲ್ಲಿ, ಅವರದು ಸ್ಪೇನಿನ ಇಂಗ್ಲಿಷ್, ನನ್ನದು ಮೈಸೂರಿನದು. ಇಲ್ಲಿ ಅದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಅವರ ಹೆಸರಿನ ಜೊತೆ ಅಂಟಿಕೊಂಡೇ ಬರುವ ಒಂದು ರಚನೆ ಇದೆ. ಇಪ್ಪತ್ತರ ಹರೆಯದಲ್ಲಿ ಮಾಡಿದ್ದು. ಅದು ಮೊದಲಿಂದ ಕೊನೆಯವರೆಗೂ ಟ್ರೆಮೊಲೊ: ಹೆಬ್ಬೆರಳು ಮಂದ್ರದ ತಂತಿಗಳಲ್ಲಿ ನಿಧಾನವಾಗಿ ನಡೆಯುತ್ತಿದ್ದರೆ, ಉಂಗುರದ ಬೆರಳು, ನಡುಬೆರಳು, ತೋರುಬೆರಳು ಒಂದರ ಹಿಂದೆ ಒಂದು ತಾರದ ಒಂದೇ ತಂತಿಯನ್ನು ಮೀಟುತ್ತ ಹೋಗಬೇಕು. ಮೂರೂ ಮೀಟು ಒಂದೇ ತೂಕದಲ್ಲಿ ಬಿದ್ದರೆ ಕೇಳುವವರಿಗೆ ಮೀಟು ಮರೆತೇಹೋಗುತ್ತದೆ. ತಂತಿಯ ಮೇಲೆ ಯಾರೋ ಉಸಿರು ಹಿಡಿದು ಹಾಡುತ್ತಿದ್ದಾರೆ ಅನ್ನಿಸುತ್ತದೆ. ಚಿಕ್ಕಂದಿನಲ್ಲಿ ನಾನು ಕೆಲವು ವರ್ಷ ವೀಣೆ ಕಲಿತವಳು. ಮೀಟಿನ ತೂಕ ತಪ್ಪಿದರೆ ನನ್ನ ಕಿವಿ ತಾನೇ ತಾನಾಗಿ ನಿಲ್ಲುತ್ತದೆ.

ಅವತ್ತು ನಿಂತಿತು. ಮೂರು ಮೀಟುಗಳಲ್ಲಿ ಮೊದಲನೆಯದು ಒಂದೊಂದು ಸಲ ತಡವಾಗಿ ಬೀಳುತ್ತಿತ್ತು, ಒಂದೊಂದು ಸಲ ಬೀಳುತ್ತಲೇ ಇರಲಿಲ್ಲ. ಹಾಡುತ್ತಿದ್ದವರು ಮಧ್ಯೆ ಮಧ್ಯೆ ಕುಂಟಿದ ಹಾಗೆ.

ಬಲಗೈ ಕಡೆಯ ಮೈಕು ಬದಲಾಯಿಸಿದೆ. ಹೋಗಲಿಲ್ಲ. ಕೇಬಲ್ ಬದಲಾಯಿಸಿದೆ. ಮೈಕನ್ನು ಒಂದು ಗೇಣು ಹಿಂದಕ್ಕೆ ತಂದು, ಓರೆ ಮಾಡಿ, ಮತ್ತೆ ನೇರ ಮಾಡಿ ನೋಡಿದೆ. ಪ್ರತಿ ಸಲ ವೇದಿಕೆಗೆ ಹೋದಾಗಲೂ ಮೇಷ್ಟ್ರು ನನ್ನ ಕೈಗಳನ್ನೇ ನೋಡುತ್ತ ಕೂತಿರುತ್ತಿದ್ದರು. ಕೊನೆಗೆ ಇನ್ನೊಂದು ಜೊತೆ ಮೈಕು ತರಲು ಕಾರಿನ ಕಡೆ ಹೊರಟಾಗ ಅವರೇ ಎದ್ದು ಕಿರುಕೋಣೆಗೆ ಬಂದು ಬಾಗಿಲು ಹಾಕಿದರು.

“ಮೈಕು ಬದಲಾಯಿಸಬೇಡಿ. ನಿಮಗೆ ಕೇಳಿಸಿತು, ಅಲ್ಲವೇ?”

“ಏನೋ ಕೇಳಿಸಿತು.”

“ಉಂಗುರದ ಬೆರಳು,” ಎಂದು ಬಲಗೈಯನ್ನು ಮೇಜಿನ ಮೇಲಿಟ್ಟರು. ಐದೂ ಬೆರಳು ನೆಟ್ಟಗಿದ್ದವು. ಅರವತ್ತರ ಹತ್ತಿರದ ಮನುಷ್ಯನ ಆರೋಗ್ಯವಾದ ಕೈ, ಉದ್ದಕ್ಕೆ ಬೆಳೆಸಿ ತೀಡಿದ ಉಗುರು. ಆಮೇಲೆ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ನಿಧಾನವಾಗಿ ಟ್ರೆಮೊಲೊ ಶುರು ಮಾಡಿದರು. ನಾಲ್ಕನೆಯದೋ ಐದನೆಯದೋ ಸುತ್ತಿನಲ್ಲಿ ಉಂಗುರದ ಬೆರಳು ಮುಟ್ಟಿದರೆ ಮುನಿಯ ಎಲೆಯಂತೆ ಒಳಕ್ಕೆ ಮಡಚಿಕೊಳ್ಳತೊಡಗಿತು. ಅಂಗೈಗೆ ಹೋಗಿ ಅಂಟಿಕೊಂಡಿತು. ಅವರು ಗಿಟಾರಿನಿಂದ ಕೈ ತೆಗೆದರು. ಬೆರಳು ತಾನೇ ಬಿಚ್ಚಿಕೊಂಡಿತು.

“ನೋವಿದೆಯಾ?”

“ನೋವಾದರೂ ಇದ್ದಿದ್ದರೆ! ಇಲ್ಲ.”

ಎರಡು ವರ್ಷ ದಾಟಿತ್ತಂತೆ. ಯಾರಿಗೂ ಹೇಳಿರಲಿಲ್ಲ. ಹಳೆಯ ರಚನೆಗಳಿಗೆಲ್ಲ ಆ ಬೆರಳನ್ನು ಬಿಟ್ಟು ಹೊಸ ಬೆರಳುಗಾರಿಕೆ ಬರೆದುಕೊಂಡಿದ್ದರು. ಹೊಸದಾಗಿ ಮಾಡಿದ್ದೆಲ್ಲ ನಿಧಾನಗತಿಯವು, ಸ್ವರಕ್ಕೂ ಸ್ವರಕ್ಕೂ ನಡುವೆ ಬೇಕಾದಷ್ಟು ಜಾಗ. ಅದನ್ನು ಕೇಳಿದ ವಿಮರ್ಶಕರು ಮೇಷ್ಟ್ರ ಸಂಗೀತಕ್ಕೆ ಈಗ ಮಾಗಿದ ಮೌನ ಬಂದಿದೆ ಎಂದು ಬರೆದರು.

“ಮೌನ ಅಲ್ಲ,” ಎಂದರು ಮೇಷ್ಟ್ರು. “ಬೆರಳು ಬರಲಿಲ್ಲ, ಅಷ್ಟೇ.”

ಆದರೆ ಆ ಟ್ರೆಮೊಲೊ ರಚನೆಯೊಂದನ್ನು ಬಿಡುವಂತಿರಲಿಲ್ಲ. ಜನ ಬರುತ್ತಿದ್ದುದೇ ಅದಕ್ಕೆ. ಪರ್ತ್‌ನ ಕಛೇರಿಯಲ್ಲಿ ಅದನ್ನು ಮೂರು ಬೆರಳಿನ ಬದಲು ಎರಡರಲ್ಲೇ ಮುಗಿಸಿದರು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ನನ್ನ ಹೆಡ್‌ಫೋನಿನಲ್ಲಿ ಮಾತ್ರ ಬಿಟ್ಟುಹೋದ ಮೀಟು ಒಂದೊಂದೂ ಹಲ್ಲು ಬಿದ್ದ ಜಾಗದಂತೆ ಕೇಳುತ್ತಿತ್ತು.

ಮರುದಿನ ಬೆಳಿಗ್ಗೆ ಅವರು ಪರ್ತ್ ಹೊರವಲಯದ ಪಿಯಾರಾ ವಾಟರ್ಸ್‌ನ ನಮ್ಮ ಮನೆಗೆ ಬಂದರು. ಗ್ಯಾರೇಜಿಗೆ ದಪ್ಪ ಪರದೆ, ಸ್ಪಾಂಜು, ಕಾರ್ಪೆಟ್ ಹೊಡೆದು ನಾನು ಸ್ಟುಡಿಯೋ ಮಾಡಿಕೊಂಡಿದ್ದೇನೆ. “ಸರಿಮಾಡೋಣ,” ಎಂದರು. ಹೇಗೆ ಎಂದು ನಾನು ಕೇಳಲಿಲ್ಲ. ನಮ್ಮ ಕಸುಬಿನಲ್ಲಿ ಇದು ಹೊಸದೇನಲ್ಲ: ಚೆನ್ನಾಗಿ ಬಿದ್ದ ಜಾಗದಿಂದ ಒಂದು ಸ್ವರವನ್ನು ಕತ್ತರಿಸಿ, ಬೀಳದ ಜಾಗಕ್ಕೆ ತಂದು ಅಂಟಿಸಿ, ಅಂಚುಗಳನ್ನು ಬೆಸೆಯುವುದು. ಒಂದೆರಡು ಕಡೆ ಎಲ್ಲರೂ ಮಾಡುತ್ತಾರೆ. ಇಲ್ಲಿ ಇಡೀ ರಚನೆಯೇ ಹಾಗಿತ್ತು.

ಮೇಷ್ಟ್ರು ಎಂಥ ನಿರ್ಮಾಪಕರು ಎನ್ನುವುದು ನನಗೆ ಅವತ್ತು ಗೊತ್ತಾಯಿತು. ಕಣ್ಣು ಮುಚ್ಚಿ ಕೇಳಿ, “ತಾಲೀಮಿನ ಎರಡನೆಯ ಸಲದ್ದು, ಶುರುವಾದ ಸ್ವಲ್ಪ ಹೊತ್ತಿಗೆ ಒಂದು ಉಂಗುರದ ಬೆರಳು ಇದೆ, ಅದು ಇಲ್ಲಿಗೆ ಬರುತ್ತದೆ,” ಎನ್ನುತ್ತಿದ್ದರು. ಹೋಗಿ ನೋಡಿದರೆ ಅದು ಅಲ್ಲೇ ಇರುತ್ತಿತ್ತು, ಅದೇ ಶ್ರುತಿ, ಅದೇ ತೂಕ. ನಾನು ಅಂಟಿಸಿದ್ದರಲ್ಲಿ ಉಗುರಿನ ಸದ್ದು ಒಂದು ಕೂದಲೆಳೆ ಹೆಚ್ಚಾದರೂ ಬೇಡ ಎನ್ನುತ್ತಿದ್ದರು. ಒಮ್ಮೆ ಕಂಪ್ಯೂಟರಿನ ಕೀಬೋರ್ಡನ್ನು ಎಳೆದುಕೊಂಡು ತಾವೇ ಶುರು ಮಾಡಿದರು. ಬಲಗೈ ಕೀಲಿಗಳ ಮೇಲೆ ಎಗರಾಡುತ್ತಿತ್ತು. ಉಂಗುರದ ಬೆರಳೂ ಎಲ್ಲದರ ಜೊತೆ ನೆಟ್ಟಗೆ ಎದ್ದು ಬಿದ್ದು ಕೆಲಸ ಮಾಡುತ್ತಿತ್ತು.

ಅದನ್ನು ಗಮನಿಸಿದವರು ನಮ್ಮ ಯಜಮಾನರು. ಅವರು ಆಸ್ಪತ್ರೆಯಲ್ಲಿ ಅರಿವಳಿಕೆ ವೈದ್ಯರು. ಡ್ಯೂಟಿ ಮುಗಿಸಿ ಬಂದು ನಮ್ಮನ್ನು ಊಟಕ್ಕೆ ಕರೆದವರು ಬಾಗಿಲಲ್ಲೇ ಸ್ವಲ್ಪ ಹೊತ್ತು ನಿಂತರು. ಊಟದ ಹೊತ್ತಿಗೆ ಮೇಷ್ಟ್ರೇ ತಮ್ಮ ಬೆರಳಿನ ವಿಷಯ ಅವರಿಗೆ ಹೇಳಿದರು. ಬಹುಶಃ ಮೊದಲನೆಯವಳಿಗೆ ಹೇಳಿದ ಮೇಲೆ ಎರಡನೆಯವರಿಗೆ ಹೇಳುವುದು ಸುಲಭವಾಗಿತ್ತೇನೋ. ಚಪಾತಿ ಮುರಿದು ಪಲ್ಯ ಸೇರಿಸಿ ತಿನ್ನುತ್ತಿದ್ದ ಮೇಷ್ಟ್ರ ಕೈಯನ್ನೇ ಯಜಮಾನರು ನೋಡುತ್ತಿದ್ದರು.

ಪಾತ್ರೆ ತೆಗೆಯುವಾಗ ಅಡುಗೆಮನೆಯಲ್ಲಿ ನನಗೆ ಹೇಳಿದರು: “ಇದು ನನ್ನ ಸಬ್ಜೆಕ್ಟ್ ಅಲ್ಲ ಕಣೇ. ಆದ್ರೆ ಬೆರಳಿನ ಪ್ರಾಬ್ಲಮ್ ಥರ ಕಾಣ್ತಿಲ್ಲ. ಬ್ರಿಸ್ಬೇನಿಗೆ ಹೆಂಗೂ ಹೋಗ್ತಿದೀರಲ್ಲ, ನಮ್ಮ ಹಾಸನದ ಫ್ರೆಂಡಿಗೆ ತೋರ್ಸು. ಅವಳು ನ್ಯೂರಾಲಜಿ. ನಾನು ಫೋನ್ ಮಾಡ್ತೀನಿ.”

“ನ್ಯೂರಾಲಜಿನಾ? ಕೈಗೆ?”

“ತೋರ್ಸು ಅಂದ್ನಲ್ಲ.”

ಮೇಷ್ಟ್ರು ಒಪ್ಪಿದರು. ಸಂಜೆ ಹೊತ್ತಿಗೆ ಜೋಡಣೆ ಮುಗಿದಿತ್ತು. ಮೊದಲಿಂದ ಕೇಳಿದೆವು. ಒಂದು ಮೀಟೂ ತಪ್ಪದ, ಇಪ್ಪತ್ತರ ಹುಡುಗನೊಬ್ಬ ನುಡಿಸಿದಂಥ ಟ್ರೆಮೊಲೊ. ಮುಗಿದ ಮೇಲೆ ಅವರು ಏನಾದರೂ ಹೇಳುತ್ತಾರೆ ಎಂದು ಕಾದೆ. “ಫೈಲನ್ನು ಉಳಿಸಿಕೊಳ್ಳಿ,” ಎಂದಷ್ಟೇ ಹೇಳಿ ಕೋಟು ಹಾಕಿಕೊಂಡರು.

ಬ್ರಿಸ್ಬೇನಿನಲ್ಲಿ ಸೆಖೆ ಮೈಗೆ ಅಂಟುತ್ತಿತ್ತು. ಗೆಳತಿಯ ಕ್ಲಿನಿಕ್ಕು ಇಂಡೂರೂಪಿಲ್ಲಿಯ ದೊಡ್ಡ ಶಾಪಿಂಗ್ ಸೆಂಟರಿನ ಹಿಂದಿನ ರಸ್ತೆಯಲ್ಲಿತ್ತು. ಗಿಟಾರ್ ತನ್ನಿ ಎಂದು ಮೊದಲೇ ಹೇಳಿಕಳಿಸಿದ್ದಳು. ಮೇಷ್ಟ್ರು ನನ್ನನ್ನೂ ಒಳಗೆ ಕೂರಲು ಹೇಳಿದರು, ಇಂಗ್ಲಿಷ್ ಅರ್ಥವಾಗದೆ ಹೋದರೆ ಎಂಬ ನೆಪ ಹೂಡಿ.

ಗೆಳತಿ ಅವಸರ ಮಾಡಲಿಲ್ಲ. ಅಂಗಿಯ ಗುಂಡಿ ಬಿಚ್ಚಿಸಿ ಹಾಕಿಸಿದಳು. ಹೆಸರು ಬರೆಸಿದಳು. ಗಿಟಾರ್ ಇಲ್ಲದೆ ಗಾಳಿಯಲ್ಲಿ ಬೆರಳು ಆಡಿಸಿ ಎಂದಳು. ಟ್ರೆಮೊಲೊ ಸಲೀಸಾಗಿ ಬಂತು. ಮೇಜಿನ ಅಂಚಿನ ಮೇಲೆ ಆಡಿಸಿ ಎಂದಳು, ಅಲ್ಲೂ ಬಂತು. ಗಿಟಾರ್ ಕೊಟ್ಟಳು. ಬೆರಳು ಮಡಚಿಕೊಂಡಿತು.

ಆಮೇಲೆ ಡ್ರಾಯರಿನಿಂದ ಪರೀಕ್ಷೆಗೆ ಹಾಕಿಕೊಳ್ಳುವ ತೆಳು ರಬ್ಬರಿನ ಗವಸೊಂದನ್ನು ತೆಗೆದು ಅವರ ಬಲಗೈಗೆ ತಾನೇ ತೊಡಿಸಿದಳು. “ಈಗ ನುಡಿಸಿ.”

ಅವರು ನುಡಿಸಿದರು. ಬೆರಳು ನೆಟ್ಟಗೇ ಇತ್ತು. ರಬ್ಬರಿನಿಂದ ಸದ್ದು ಮಂಕಾಗಿತ್ತು, ಆದರೆ ಮೂರೂ ಮೀಟು ಬೀಳುತ್ತಿದ್ದವು, ಒಂದೇ ತೂಕದಲ್ಲಿ, ನಾನು ಗ್ಯಾರೇಜಿನಲ್ಲಿ ಒಂದು ಹಗಲಿಡೀ ಕೂತು ಅಂಟಿಸಿದ್ದಂತೆಯೇ. ಮೇಷ್ಟ್ರು ತಲೆ ಎತ್ತಿ ಅವಳನ್ನು ನೋಡಿದರು. ಆ ಮುಖವನ್ನು ನಾನು ನೋಡಬಾರದಿತ್ತು. ಅಷ್ಟರಲ್ಲಿ ಬೆರಳು ಮತ್ತೆ ಮಡಚಿಕೊಳ್ಳತೊಡಗಿತು. ಗವಸಿನ ಒಳಗೇ ಮಡಚಿಕೊಂಡು ಕೂತಿತು.

“ಅದಕ್ಕೇ ಹಾಕಿಸಿದ್ದು,” ಎಂದಳು ಗೆಳತಿ ಮೆಲ್ಲಗೆ. “ಚರ್ಮಕ್ಕೆ ಹೊಸ ಸ್ಪರ್ಶ ಸಿಕ್ಕರೆ ಮೆದುಳು ಸ್ವಲ್ಪ ಹೊತ್ತು ಮೋಸ ಹೋಗುತ್ತದೆ. ನಿಮ್ಮ ಬೆರಳಿಗೆ ಏನೂ ಆಗಿಲ್ಲ. ಮೆದುಳಿನಲ್ಲಿ ಒಂದೊಂದು ಬೆರಳಿಗೂ ಒಂದೊಂದು ಜಾಗ ಇರುತ್ತದೆ. ಒಂದೇ ಚಲನೆಯನ್ನು ದಶಕಗಟ್ಟಲೆ ಮಾಡಿದ ಕೆಲವರಲ್ಲಿ ಆ ಜಾಗಗಳ ನಡುವಿನ ಗೆರೆ ಅಳಿಸಿಹೋಗುತ್ತದೆ. ಇದಕ್ಕೆ ಡಿಸ್ಟೋನಿಯಾ ಅನ್ನುತ್ತಾರೆ.”

“ಮದ್ದು?”

“ಇಂಜೆಕ್ಷನ್ ಇದೆ. ಹೊಸದಾಗಿ ಕಲಿಸುವ ವ್ಯಾಯಾಮ ಇದೆ. ಕೆಲವರಿಗೆ ಸ್ವಲ್ಪ ಮಟ್ಟಿಗೆ ಬರುತ್ತದೆ, ವರ್ಷಗಳು ಹಿಡಿಯುತ್ತವೆ. ಮೊದಲಿನ ಹಾಗೆ ಆಗುತ್ತದೆ ಎಂದು ನಾನು ಹೇಳಲಾರೆ. ಮೊದಲು ನುಡಿಸುವುದನ್ನು ನಿಲ್ಲಿಸಬೇಕು.”

“ನಾನು ದಿನವೂ ಅದೊಂದನ್ನೇ ಅಭ್ಯಾಸ ಮಾಡುತ್ತೇನೆ,” ಎಂದರು ಮೇಷ್ಟ್ರು. “ಬೆಳಗಿನಿಂದ ಮಧ್ಯಾಹ್ನದವರೆಗೆ. ಸರಿಹೋಗಲಿ ಎಂದು.”

ಮೇಷ್ಟ್ರು ಗವಸನ್ನು ಬೆರಳು ಬೆರಳಾಗಿ ಕಳಚಿ ಮೇಜಿನ ಮೇಲಿಟ್ಟರು.

ಅವರು ಹೊರಗೆ ಹೋದ ಮೇಲೆ ಗೆಳತಿ ನನ್ನ ಮೊಣಕೈ ಹಿಡಿದು ನಿಲ್ಲಿಸಿದಳು. “ಸುಳ್ಳು ಹೇಳಕ್ಕಾಗಲ್ಲ ಕಣೇ. ಸರಿಹೋಗ್ಲಿ ಅಂತ ಅವ್ರು ಮಾಡ್ತಿರೋ ಪ್ರಾಕ್ಟೀಸೇ ಅದನ್ನ ಗಟ್ಟಿ ಮಾಡ್ತಿರೋದು. ಗುಂಡಿಯಿಂದ ಹೊರಗೆ ಬರಕ್ಕೆ ಗುಂಡಿನೇ ತೋಡ್ತಾ ಇದಾರೆ. ಯಾರಾದ್ರೂ ಗುದ್ದಲಿ ಕಿತ್ಕೋಬೇಕು.”

“ಯಾರು? ನಾನಾ?”

“ನಂಗೊತ್ತಿಲ್ಲ. ಇಷ್ಟು ವರ್ಷದಲ್ಲಿ ಮೊದಲಿನ ಹಾಗಾಗಲ್ಲ ಅನ್ನೋದೊಂದನ್ನ ಹೇಳೋದು ನಂಗೆ ಅಭ್ಯಾಸ ಆಗಿಲ್ಲ ನೋಡು.”

ಸಂಜೆ ಮೇಷ್ಟ್ರು ಪ್ರವಾಸದ ವ್ಯವಸ್ಥಾಪಕಿಗೆ ಎಲ್ಲವನ್ನೂ ಹೇಳಿದರು. ಆಕೆ ಬ್ರಿಸ್ಬೇನಿನವಳೇ, ಐವತ್ತು ದಾಟಿದ ಗಟ್ಟಿ ಹೆಂಗಸು. ಹಲವಾರು ತಂಡಗಳನ್ನು ದೇಶದ ತುಂಬ ಕರೆದೊಯ್ದು ಸುರಕ್ಷಿತವಾಗಿ ವಾಪಸು ತಂದವಳು. ಗಾಬರಿಯಾಗಲಿಲ್ಲ. ಅವರ ಭುಜದ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಕೂತಳು. ಆಮೇಲೆ ನನ್ನ ಕಡೆ ತಿರುಗಿ, “ಪರ್ತ್‌ನಲ್ಲಿ ನೀವಿಬ್ಬರೂ ಸರಿಮಾಡಿದ ಫೈಲು ಇದೆಯಲ್ಲ, ಅದನ್ನು ಸ್ಪೀಕರಿನಲ್ಲಿ ಹಾಕಬಹುದಾ?” ಎಂದಳು.

ಮೇಷ್ಟ್ರು ಆ ಒಂದು ರಚನೆಗೆ ತಂತಿಯ ಮೇಲೆ ಕೈ ಆಡಿಸಿದ ಹಾಗೆ ಮಾಡುವುದು. ಕೇಳುವವರಿಗೆ ಫೈಲು ಕೇಳುವುದು. ಇಷ್ಟೇ ಉಪಾಯ. ಮೇಷ್ಟ್ರು ಬೇಡ ಎನ್ನುತ್ತಾರೆ ಎಂದುಕೊಂಡಿದ್ದೆ. ಅವರು, “ಪ್ರಯತ್ನಿಸೋಣ,” ಎಂದರು.

ಕಛೇರಿಯ ದಿನ ಮಧ್ಯಾಹ್ನ ಅಲ್ಲಿನ ಸಭಾಂಗಣದಲ್ಲಿ ಪ್ರಯತ್ನಿಸಿದೆವು. ವೇದಿಕೆಯ ಅಂಚಿನ ಸ್ಪೀಕರುಗಳಿಗೆ ಫೈಲನ್ನು ಕೊಟ್ಟು, ಗಿಟಾರಿನ ಮೈಕುಗಳನ್ನು ಮುಚ್ಚಿ, ಅವರು ತಲೆಯಾಡಿಸಿದ ಕ್ಷಣಕ್ಕೆ ಸರಿಯಾಗಿ ನಾನು ಗುಂಡಿ ಒತ್ತಬೇಕು. ಮೊದಲ ಸಲ ತಡವಾಯಿತು. ಎರಡನೆಯ ಸಲ ಹೊಂದಿತು. ವ್ಯವಸ್ಥಾಪಕಿ ಸಭಾಂಗಣದ ತುಂಬ ಓಡಾಡಿ, ಹಿಂದಿನ ಸಾಲಿನಿಂದ ಹೆಬ್ಬೆಟ್ಟು ಎತ್ತಿ ತೋರಿಸಿದಳು. ಯಾರಿಗೂ ಗೊತ್ತಾಗುವಂತಿರಲಿಲ್ಲ.

ನಾನು ಮೇಷ್ಟ್ರ ಕೈ ನೋಡುತ್ತಿದ್ದೆ. ಸುಳ್ಳುಸುಳ್ಳೇ ಆಡಿಸುವಾಗಲೂ, ತಂತಿ ಸೋಕಿದರೆ ಸಾಕು, ಬೆರಳು ಮಡಚಿಕೊಳ್ಳುತ್ತಿತ್ತು. ಅವರು ಅದನ್ನು ಬಿಚ್ಚಲು ಹೆಣಗುತ್ತಿದ್ದರು. ಕಾಣಬಾರದೆಂದು ಹೆಣಗುತ್ತಿದ್ದರು. ಸ್ಪೀಕರಿನಿಂದ ಮಾತ್ರ ಆ ಹುಡುಗ ಸೊಗಸಾಗಿ ನುಡಿಸುತ್ತಿದ್ದ. ಇದು ಇವತ್ತಿಗೆ ಮುಗಿಯುವುದಿಲ್ಲ ಎಂದು ನನಗೆ ಹೊಳೆದದ್ದು ಆಗ. ಅಡಿಲೇಡಿಗೂ ಇದೇ ಬೇಕಾಗುತ್ತದೆ, ಅದರ ಮುಂದಿನ ಊರಿಗೂ. ಬೆಳಗಿನಿಂದ ಮಧ್ಯಾಹ್ನದವರೆಗೆ ತೋಡುವುದು, ಸಂಜೆ ಇದನ್ನು ಹಾಕುವುದು.

ಫೈಲು ನಿಲ್ಲಿಸಿ ವೇದಿಕೆಗೆ ಹೋದೆ. “ನನ್ನಿಂದ ಆಗುವುದಿಲ್ಲ ಮೇಷ್ಟ್ರೇ. ನೀವು ನುಡಿಸಿದ್ದನ್ನು ಮುದ್ರಿಸುತ್ತೇನೆ. ಇದನ್ನು ಒತ್ತುವುದಿಲ್ಲ.”

ವ್ಯವಸ್ಥಾಪಕಿ ಮುಂದಿನ ಸಾಲಿಗೆ ಬಂದಳು. “ಲವ್, ಜನ ಸಂಜೆಗೆ ಬರ್ತಾರೆ. ಈ ಮಧ್ಯಾಹ್ನದ ಹೊತ್ತಲ್ಲಿ ಧರ್ಮಸೂಕ್ಷ್ಮ ಬೇಡ. ನೀನು ಒತ್ತದಿದ್ದರೆ ಹಾಲಿನ ಟೆಕ್ನಿಶಿಯನ್ ಒತ್ತುತ್ತಾನೆ.”

“ಒತ್ತಲಿ. ನಾನು ತಡೆಯಲ್ಲ. ಆದರೆ ಡಾಕ್ಟರ್ ನಿಲ್ಲಿಸಿ ಅಂದರು. ನಾವು ಮುಂದುವರಿಸೋದು ಹೇಗೆ ಅಂತ ನೋಡ್ತಾ ಇದ್ದೇವೆ.”

ಮೇಷ್ಟ್ರು ಎದ್ದು ನಿಂತರು. ಅವರಿಗೆ ಸಿಟ್ಟು ಬಂದದ್ದನ್ನು ನೋಡಿದ್ದು ಅದೊಂದೇ ಸಲ. “ಯಾರೂ ಒತ್ತಬೇಕಾಗಿಲ್ಲ,” ಎಂದರು. “ನನ್ನ ಕೈಲಿ ಆಗುವುದಿಲ್ಲ ಎಂದು ಇವರು ತೀರ್ಮಾನಿಸಿದ್ದಾರೆ. ಸರಿ. ನಾನೇ ನುಡಿಸುತ್ತೇನೆ. ಮೂರೂ ಬೆರಳಲ್ಲಿ.”

ಅವರು ಎರಡು ಬೆರಳಿನ ಉಪಾಯಕ್ಕೇ ಹೋಗಬಹುದಿತ್ತು. ಪರ್ತ್‌ನಲ್ಲಿ ಅದು ನಡೆದಿತ್ತು. ನನ್ನ ಮಾತು ಅವರನ್ನು ಆ ದಾರಿಯಿಂದ ಆಚೆ ತಳ್ಳಿತು ಎಂದು ನನಗೆ ಈಗಲೂ ಅನ್ನಿಸುತ್ತದೆ. ಒತ್ತಿದ್ದರೆ ಏನಾಗುತ್ತಿತ್ತು ಎಂದೂ ಎಷ್ಟೋ ಸಲ ಯೋಚಿಸಿದ್ದೇನೆ. ಒತ್ತಬಾರದಿತ್ತು ಎನ್ನುವ ಉತ್ತರ ಬದಲಾಗಿಲ್ಲ, ಆದರೆ ಅದರಿಂದ ಸಮಾಧಾನವೇನೂ ಆಗಿಲ್ಲ.

ಆ ಸಂಜೆ ಮೊದಲ ಭಾಗದ ನಿಧಾನಗತಿಯ ರಚನೆಗಳು ಚೆನ್ನಾಗಿಯೇ ಹೋದವು. ಆಮೇಲೆ ಟ್ರೆಮೊಲೊ. ಜನ ಮೊದಲ ಸ್ವರಗಳನ್ನು ಗುರುತಿಸಿ ಚಪ್ಪಾಳೆ ತಟ್ಟಿ ಸುಮ್ಮನಾದರು. ಮೊದಲ ಸಾಲು ದಾಟಿತು. ಎರಡನೆಯದರಲ್ಲಿ ಮೀಟು ಬಿಟ್ಟುಹೋಗತೊಡಗಿತು, ನಂತರ ಉಂಗುರದ ಬೆರಳಿನ ಜೊತೆ ನಡುಬೆರಳೂ ಎಳೆದುಕೊಂಡಿತು. ಹೆಡ್‌ಫೋನಿನಲ್ಲಿ ತಂತಿಯ ಬದಲು ಉಗುರು ಮರಕ್ಕೆ ಬಡಿದ ಸದ್ದು. ಅವರು ನಿಲ್ಲಿಸಿದರು. “ಕ್ಷಮಿಸಿ,” ಎಂದರು. ಮತ್ತೆ ಮೊದಲಿಂದ. ಇನ್ನೂ ಬೇಗ ನಿಂತಿತು. ಮತ್ತೊಮ್ಮೆ. ಸಭೆಯಲ್ಲಿ ಯಾರೋ ಕೆಮ್ಮಿದರು, ಯಾರೋ ಹುರಿದುಂಬಿಸಲು ಒಬ್ಬರೇ ಚಪ್ಪಾಳೆ ತಟ್ಟಿ ತಾವೇ ನಾಚಿ ನಿಲ್ಲಿಸಿದರು. ಮೇಷ್ಟ್ರು ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಎಡಗೈಯಿಂದ ಅದರ ಬೆರಳುಗಳನ್ನು ಒಂದೊಂದಾಗಿ ಬಿಚ್ಚಿದರು, ಎಲ್ಲರೆದುರಿಗೂ. ಆಮೇಲೆ ಗಿಟಾರನ್ನು ಕುರ್ಚಿಗೆ ಒರಗಿಸಿ ನಡೆದುಹೋದರು.

ಮುದ್ರಣ ನಿಲ್ಲಿಸಬೇಕೆಂದು ನನಗೆ ತೋಚಲೇ ಇಲ್ಲ. ಅದು ಓಡುತ್ತಲೇ ಇತ್ತು.

ಅಡಿಲೇಡಿನ ವಿಮಾನದಲ್ಲಿ ಅವರು ನನ್ನಿಂದ ದೂರದ ಸೀಟು ಕೇಳಿ ಪಡೆದರು. ವ್ಯವಸ್ಥಾಪಕಿ ನನ್ನ ಪಕ್ಕ ಕೂತಳು. ನನ್ನನ್ನು ಕೆಲಸದಿಂದ ತೆಗೆಯುವ ಮಾತು ಬಂದಿತ್ತು, ಮೇಷ್ಟ್ರೇ ಬೇಡ ಎಂದರು ಎಂದಳು. ಯಾಕೆ ಎಂದು ಅವಳಿಗೂ ಗೊತ್ತಿರಲಿಲ್ಲ.

ಅಡಿಲೇಡಿನ ಗ್ಲೆನೆಲ್ಗ್‌ನಲ್ಲಿ ಅವರಿಗೆ ಸಮುದ್ರದ ಕಡೆ ಮುಖವಿದ್ದ ಅಪಾರ್ಟ್‌ಮೆಂಟು. ಕಛೇರಿಗೆ ಇನ್ನೂ ಸಮಯವಿತ್ತು. ಮರುದಿನ ಬೆಳಿಗ್ಗೆ ನನಗೆ ಕರೆ ಬಂತು: ಬ್ರಿಸ್ಬೇನಿನ ಮುದ್ರಣ ತೆಗೆದುಕೊಂಡು ಬನ್ನಿ, ಕೇಳಬೇಕು. ಟ್ರಾಮ್ ಇಳಿದು, ಬ್ಯಾಗು ಹೊತ್ತು ಹೋದೆ. ಕಿಟಕಿಯಾಚೆ ಕಡಲೊಳಕ್ಕೆ ಚಾಚಿದ ಜೆಟ್ಟಿಯ ಮೇಲೆ ಜನ ಐಸ್‌ಕ್ರೀಮ್ ಹಿಡಿದು ಓಡಾಡುತ್ತಿದ್ದರು. ಮೇಷ್ಟ್ರು ಬಾಗಿಲು ತೆಗೆದು, ಕಾಫಿ ಕೊಟ್ಟು, ಹೆಡ್‌ಫೋನಿಗೆ ಕೈ ಚಾಚಿದರು. ಸಿಟ್ಟಿನ ಸುಳಿವಿರಲಿಲ್ಲ. ಪಿಯಾರಾ ವಾಟರ್ಸ್‌ನ ಗ್ಯಾರೇಜಿನಲ್ಲಿ ಕೂತಿದ್ದ ಮನುಷ್ಯ ಬಂದಿದ್ದ, ನಿರ್ಮಾಪಕ.

ಟ್ರೆಮೊಲೊ ಶುರುವಾದ ಸ್ವಲ್ಪಕ್ಕೇ ಕೈ ಎತ್ತಿದರು. “ಇದನ್ನು ಮುಟ್ಟಿದ್ದೀರಿ.”

ಹೌದು. ಬಿಟ್ಟುಹೋದ ಮೀಟುಗಳ ಜಾಗದಲ್ಲಿ ಹಿಂದಿನ ಸ್ವರದ ಮೊಳಗನ್ನು ಒಂದಿಷ್ಟು ಏರಿಸಿದ್ದೆ, ಅಷ್ಟು ಖಾಲಿ ಎನ್ನಿಸದಿರಲಿ ಎಂದು. ರೂಢಿಯ ಮೇಲೆ ಮಾಡಿದ್ದು.

“ತೆಗೆಯಿರಿ. ಅಲ್ಲಿ ಏನೂ ಇಲ್ಲ. ಇಲ್ಲದ್ದು ಇಲ್ಲದ ಹಾಗೆ ಕೇಳಬೇಕು.”

ತೆಗೆದೆ. ಅವರು ಮೊದಲಿಂದ ಕೇಳಿದರು: ಮೂರು ಸಲದ ಆರಂಭ, ಕೆಮ್ಮು, ಉಗುರು ಮರಕ್ಕೆ ಬಡಿದದ್ದು, ಕುರ್ಚಿಗೆ ಗಿಟಾರ್ ಒರಗಿದ್ದು, ದೂರವಾದ ಹೆಜ್ಜೆ, ಸಭೆಯ ಗುಜುಗುಜು, ಕೊನೆಗೆ ಯಾರೋ ಬಂದು ಮುದ್ರಣ ನಿಲ್ಲಿಸುವವರೆಗಿನದೆಲ್ಲ. ಕಣ್ಣು ಮುಚ್ಚಿಕೊಂಡೇ ಕೇಳಿದರು. ಆಮೇಲೆ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟು, ವೈರನ್ನು ಸುತ್ತಿದರು.

“ನಾನು ಎಷ್ಟೋ ವಾದಕರನ್ನು ಸ್ಟುಡಿಯೋದಿಂದ ಮನೆಗೆ ಕಳಿಸಿದ್ದೇನೆ,” ಎಂದರು. “ಒಳ್ಳೆಯವರನ್ನೂ. ಒಬ್ಬ ಬಾಸ್ ಗಿಟಾರ್ ವಾದಕನಿದ್ದ, ನನ್ನ ಜೊತೆ ಬೆಳೆದವನು. ಕುಡಿತ. ಕೈ ನಡುಗುತ್ತಿತ್ತು. ಕಾಫಿ ಕೊಡಿಸಿ, ಆಲ್ಬಮ್ ಮುಖ್ಯ ಎಂದು ಹೇಳಿ ಕಳಿಸಿದೆ. ಅವನು ಸರಿ ಎಂದ.”

ನಾನು ಕಾಫಿ ಲೋಟವನ್ನು ಮೇಜಿನ ಮೇಲಿಟ್ಟೆ.

“ಇವನನ್ನು ಕಳಿಸಬೇಕು,” ಎಂದರು, ಹೆಡ್‌ಫೋನಿನ ಕಡೆ ನೋಡಿ. “ಈ ಗಿಟಾರಿನವನನ್ನು. ಇವನಿಂದ ಆಗುವುದಿಲ್ಲ. ಬೇರೆ ಯಾರದ್ದೇ ಆಲ್ಬಮ್ ಆಗಿದ್ದರೆ ನಾನು ಎರಡು ವರ್ಷದ ಹಿಂದೆಯೇ ಹೇಳಿರುತ್ತಿದ್ದೆ.”

“ಮೇಷ್ಟ್ರೇ, ಇಂಜೆಕ್ಷನ್ ತೆಗೆದುಕೊಂಡು ನೋಡಬಹುದಲ್ಲ. ನಿಧಾನವಾಗಿ...”

“ತೆಗೆದುಕೊಳ್ಳುತ್ತೇನೆ. ಆದರೆ ಕಾಯುತ್ತ ಕೂರುವುದಿಲ್ಲ. ನಿಮ್ಮ ಗೆಳತಿಯ ಮುಖ ನೋಡಿದೆ ನಾನು.” ಆಮೇಲೆ ಹೇಳಿದರು, “ಪರ್ತ್‌ನಲ್ಲಿ ಅಂಟಿಸಿದ ಫೈಲನ್ನು ಅಳಿಸಿ. ನನ್ನ ಎದುರಿಗೆ.”

ಅಳಿಸಿದೆ. ನಿಜವಾಗಿ ಅಳಿಸಬೇಕೇ ಎಂದು ಯಂತ್ರ ಕೇಳಿತು. ನಾನು ಅವರ ಮುಖ ನೋಡಿದೆ. ಅವರೇ ಕೈ ಚಾಚಿ ಹೌದು ಎಂದು ಒತ್ತಿದರು.

ವ್ಯವಸ್ಥಾಪಕಿ ಬಂದಾಗ ಪ್ರಕಟಣೆಯ ಮಾತಾಯಿತು. ಅನಾರೋಗ್ಯದ ಕಾರಣ ಅಡಿಲೇಡ್ ಕಛೇರಿ ರದ್ದಾಗಿದೆ ಎಂದು ಆಕೆ ಬರೆದು ತಂದಿದ್ದಳು. ಮೇಷ್ಟ್ರು ಓದಿ, ಅದನ್ನು ಹೊಡೆದುಹಾಕಿದರು. ನನ್ನ ಬಲಗೈ ಇನ್ನು ಗಿಟಾರ್ ನುಡಿಸಲಾರದು, ಹಾಗಾಗಿ ಇನ್ನು ಮುಂದೆ ನಾನು ಕಛೇರಿ ಕೊಡುವುದಿಲ್ಲ ಎಂದು ಬರೆದರು.

“ಹೀಗೆ ಹಾಕಿದರೆ ವಾಪಸು ಬರೋಕೆ ಬಾಗಿಲೇ ಇರಲ್ಲ,” ಎಂದಳು ಆಕೆ. “ಆರು ತಿಂಗಳು ಬಿಟ್ಟು ಏನಾದರೂ...”

“ಗೊತ್ತು.”

ಆಕೆ ಬಾಲ್ಕನಿಗೆ ಹೋಗಿ ಬಹಳ ಹೊತ್ತು ನಿಂತಿದ್ದಳು. ಒಳಗೆ ಬಂದಾಗ ಕಣ್ಣು ಕೆಂಪಾಗಿತ್ತು. ಬರೆದದ್ದು ಹಾಗೇ ಹೋಯಿತು.

ಪ್ರಕಟಣೆ ಹೊರಟ ಮೇಲೆ ಸಂದೇಶಗಳು ಬರತೊಡಗಿದವು. ಬೇಗ ಗುಣವಾಗಿ. ನೀವು ಹೋರಾಟಗಾರರು, ಮರಳಿ ಬರುತ್ತೀರಿ. ಯೋಗ ಮಾಡಿ ನೋಡಿ. ನಾನು ಮನೆಗೆ ಫೋನ್ ಮಾಡಿದಾಗ ಮಗಳು, “ಟೆಲ್ ಹಿಮ್ ಟು ಗೆಟ್ ವೆಲ್ ಸೂನ್, ಅಮ್ಮಾ,” ಎಂದಳು. ಹೇಳ್ತೀನಿ ಅಂದೆ, ಹೇಳಲಿಲ್ಲ. ಮೇಷ್ಟ್ರು ಎಲ್ಲವನ್ನೂ ಓದಿ, ಫೋನನ್ನು ಮಗುಚಿ ಇಡುತ್ತಿದ್ದರು.

ಕಛೇರಿ ಇರಬೇಕಿದ್ದದ್ದು ಭಾನುವಾರ ಮಧ್ಯಾಹ್ನ. ನಾನು ಮೊದಲೇ ಕಳಿಸಿದ್ದ ಸ್ಟ್ಯಾಂಡುಗಳು, ಕೇಬಲ್ಲುಗಳು ಅಡಿಲೇಡಿನ ಸಭಾಂಗಣದಲ್ಲಿ ಉಳಿದಿದ್ದವು. ಅವನ್ನು ತರಲು ಹೊರಟಾಗ ಮೇಷ್ಟ್ರು ತಾವೂ ಬರುತ್ತೇನೆ ಎಂದರು. ಬೇಡ ಎಂದು ಹೇಳುವ ಧೈರ್ಯವಾಗಲಿಲ್ಲ. ಖಾಲಿ ವೇದಿಕೆಯ ಮೇಲೆ ನಾನು ಕೇಬಲ್ ಸುತ್ತುತ್ತಿದ್ದೆ; ಅವರು ಮುಂದಿನ ಸಾಲಿನಲ್ಲಿ ಕೋಟು ಹಾಕಿಕೊಂಡೇ ಕೂತಿದ್ದರು.

ಮುಂಬಾಗಿಲಲ್ಲಿ ಮಾತು ಕೇಳಿಸಿತು. ವಯಸ್ಸಾದ ದಂಪತಿ, ತೀರ ವಯಸ್ಸಾದವರು. ಆತ ಟೈ ಕಟ್ಟಿದ್ದ, ಆಕೆ ಕಸೂತಿಯ ಶಾಲು ಹೊದ್ದಿದ್ದಳು. ದ್ರಾಕ್ಷಿ ತೋಟಗಳ ಕಡೆಯಿಂದ ತಾವೇ ಕಾರು ಓಡಿಸಿಕೊಂಡು ಬಂದಿದ್ದರು. ಪ್ರಕಟಣೆ ಅವರಿಗೆ ಮುಟ್ಟಿರಲಿಲ್ಲ. ಬಾಗಿಲ ಕೆಲಸದವನು ಇಂಗ್ಲಿಷಿನಲ್ಲಿ ಎಷ್ಟು ಹೇಳಿದರೂ ಅವರು ಟಿಕೆಟು ತೋರಿಸುತ್ತಲೇ ಇದ್ದರು. ಆಕೆ ಗಂಡನಿಗೆ ಏನೋ ಹೇಳಿದಳು, ಸ್ಪ್ಯಾನಿಷಿನಲ್ಲಿ.

ಮೇಷ್ಟ್ರು ಎದ್ದರು. ನಾನು ಹೋಗಿ ಹೇಳುತ್ತೇನೆ ಎಂದೆ. ಬೇಡವೆಂದು ತಲೆಯಾಡಿಸಿ ತಾವೇ ನಡೆದರು.

ದೂರದಿಂದ ನೋಡುತ್ತಿದ್ದೆ. ಮೊದಲು ಅವರಿಬ್ಬರ ಮುಖದಲ್ಲಿ ಹಿಗ್ಗು, ಗುರುತು ಹತ್ತಿದ್ದಕ್ಕೆ. ಮೇಷ್ಟ್ರು ಮೆಲ್ಲಗೆ ಮಾತಾಡಿದರು, ಬಲಗೈಯನ್ನು ಎತ್ತಿ ತೋರಿಸಿದರು, ಬೆರಳು ಮಡಚಿ ತೋರಿಸಿದರು. ಮುದುಕ ಟಿಕೆಟುಗಳನ್ನು ಜೇಬಿಗೆ ಹಾಕಿಕೊಂಡು ತಲೆಯ ಮೇಲಿನ ಹ್ಯಾಟು ತೆಗೆದ. ಆ ಕೈಯನ್ನು ತನ್ನೆರಡು ಕೈಗಳಲ್ಲಿ ಹಿಡಿದು ಒಂದು ಮಾತು ಹೇಳಿದ. ಆಕೆ ಮೇಷ್ಟ್ರ ಎರಡೂ ಕೆನ್ನೆಗೆ ಮುತ್ತಿಟ್ಟು ಅದೇ ಮಾತನ್ನು ಹೇಳಿದಳು. ಬೇರೇನೂ ಕೇಳಲಿಲ್ಲ. ಒಬ್ಬರ ತೋಳನ್ನು ಒಬ್ಬರು ಹಿಡಿದುಕೊಂಡು ಮೆಟ್ಟಿಲಿಳಿದು ಹೋದರು.

ಮೇಷ್ಟ್ರು ವಾಪಸು ಬಂದು ವೇದಿಕೆಯ ಅಂಚಿಗೆ ಒರಗಿ ನಿಂತರು. ಆ ಕೈಯನ್ನು ಇನ್ನೂ ಹಾಗೇ ಮುಂದೆ ಹಿಡಿದುಕೊಂಡಿದ್ದರು.

“ಏನಂದರು?” ಎಂದೆ.

“ನಮ್ಮ ಕಡೆ ಸಾವಾದ ಮನೆಗೆ ಹೋದಾಗ ಒಂದು ಮಾತು ಹೇಳುತ್ತೇವೆ,” ಎಂದರು. “ಅದನ್ನು ಹೇಳಿದರು.” ಆಮೇಲೆ ಸೇರಿಸಿದರು, “ಎಲ್ಲರೂ ಗುಣವಾಗುತ್ತದೆ ಎಂದರು. ಏನಾಗಿದೆ ಎಂದು ಅರ್ಥವಾದದ್ದು ಇವರಿಬ್ಬರಿಗೇ.”